ಮೂರನೇ ಮಷೀನಿನ ಕೈ

ಬೆಳಿಗ್ಗೆ ಒಂಬತ್ತೂಕಾಲಿಗೆ ಗೋಡೆಯ ಆಚೆ ಅವ್ವ ರತ್ನಾಬಾಯಿ ಮೊದಲನೆಯ ಪವರ್‌ಲೂಮಿನ ಸ್ವಿಚ್ಚು ಒತ್ತಿದಳು. ಗೋಡೆಯ ಈಚೆ ಸ್ಟೆಬಿಲೈಜರಿನ ವೋಲ್ಟೇಜ್ ಮುಳ್ಳು ಇನ್ನೂರಾ ಹತ್ತರಿಂದ ನೂರಾ ತೊಂಬತ್ತಕ್ಕೆ ಇಳಿಯಿತು. ಎರಡನೆಯದನ್ನು ಒತ್ತಿದಳು, ಮುಳ್ಳು ನೂರಾ ಎಪ್ಪತ್ತಕ್ಕೆ ಬಂದು, ಅಲ್ಲಿಯೂ ನಿಲ್ಲಲು ಮನಸ್ಸಿಲ್ಲದಂತೆ ನಡುಗಿತು. ವೀರೇಶ ನೋಡುತ್ತ ನಿಂತಿದ್ದ. ಎದ್ದ ಕೂಡಲೇ ಜನ ಕ್ಯಾಲೆಂಡರು ನೋಡುತ್ತಾರೆ, ದೇವರ ಫೋಟೋ ನೋಡುತ್ತಾರೆ, ತಮ್ಮ ಅಂಗೈ ನೋಡುತ್ತಾರೆ. ಅವನು ಒಂದು ವರ್ಷದಿಂದ ಈ ಮುಳ್ಳು ನೋಡುತ್ತಿದ್ದ. ಇಳಕಲ್ಲಿಗೆ ಬರುವ ಕರೆಂಟಿನಲ್ಲಿ ಅರ್ಧವನ್ನು ಗ್ರಾನೈಟಿನವರು ಕುಡಿಯುತ್ತಾರೆ, ಉಳಿದರ್ಧವನ್ನು ನಮ್ಮವ್ವನ ಎರಡು ಮಗ್ಗ ಕುಡಿಯುತ್ತವೆ, ಊರವರ ಮನೆಯಲ್ಲಿ ಉರಿಯುವುದೆಲ್ಲ ಕುಡಿಯುವಾಗ ಚೆಲ್ಲಿದ್ದು ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುವುದರಲ್ಲಿ ಅವನನ್ನು ಸರಿಗಟ್ಟುವವರು ಹುನಗುಂದ ತಾಲೂಕಿನಲ್ಲಿ ಯಾರೂ ಇರಲಿಲ್ಲ. ಇದ್ದ ಒಬ್ಬರು, ಅವನ ಸೋದರಮಾವ, ಬಾದಾಮಿ ಸ್ಟೇಷನ್ನಿನಲ್ಲಿ ಹೊರಟ ರೈಲನ್ನು ಬರೀ ಕೆಮ್ಮಿ ನಿಲ್ಲಿಸಿದ ಸಂಗತಿಯನ್ನು ಹೇಳುತ್ತಲೇ ತೀರಿಕೊಂಡಿದ್ದರು. ಅಪ್ಪ ಅಮೀನಪ್ಪನ ಕುಣಿಮಗ್ಗವಿದ್ದ ಕೋಣೆ ಇದು. ಅಪ್ಪ ಹೋದ ಮೇಲೆ ಕುಣಿಯನ್ನು ಮಣ್ಣು ತುಂಬಿ ಮುಚ್ಚಿ, ಮೇಲೆ ಪರಸಿಕಲ್ಲು ಹಾಸಿ, ಎರಡು ಸಾವಿರದ ಎಂಟರ ದೀಪಾವಳಿಗೆ ನಾಲ್ಕು ಕಂಪ್ಯೂಟರು ಇಟ್ಟು ಗೇಮ್ ಸೆಂಟರ್ ತೆರೆದದ್ದು. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಕಂಪ್ಯೂಟರಲ್ಲ, ಗೋಡೆಯ ಮೇಲಿನ ಪಾಟಿ. ಪಾಟಿಯ ಮೇಲೆ ಬಿಳೀ ಬಳಪದಲ್ಲಿ: ವೀರೇಶ, ೨೧೪. ಅದರ ಕೆಳಗೆ: ಉಳಿದ ಜಗತ್ತು, ೦.

ಇನ್ನೂರಾ ಹದಿನಾಲ್ಕು ಸುಳ್ಳಲ್ಲ. ಅವನು ಹೇಳಿದ ಸಾವಿರಾರು ಅಂಕಿಗಳಲ್ಲಿ ಎಣಿಸಿ ಬರೆದದ್ದು ಅದೊಂದೇ, ಮತ್ತು ಅದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಸುಳ್ಳಾಗಿ ಕಾಣುತ್ತಿತ್ತು. ಬಂದೂಕಿನ ಆಟ; ಇಬ್ಬರು ಎದುರುಬದುರು; ಮೊದಲು ಹತ್ತು ಸಲ ಹೊಡೆದವನು ಗೆದ್ದ. ಬಾದಾಮಿಯಿಂದ ಮೂವರು ಬಂದಿದ್ದರು, ಬಾಗಲಕೋಟೆಯಿಂದ ಇಂಜಿನಿಯರಿಂಗ್ ಓದುವವನೊಬ್ಬ ತನ್ನದೇ ಮೌಸು ತಂದಿದ್ದ, ಎಲ್ಲರೂ ಸೋತು ಹೋಗಿದ್ದರು. ನೇಕಾರನ ಕೈ ಇದು, ಏಳು ತಲೆಮಾರು ಲಾಳಿ ಒಗೆದ ಕೈ, ನಿಮ್ಮ ಕಣ್ಣು ರೆಪ್ಪೆ ಬಡಿಯುವುದರೊಳಗೆ ನಮ್ಮ ಕೈ ಒಂದು ಸೀರೆ ನೇಯ್ದು ಮಡಚಿ ಇಡುತ್ತದೆ ಎಂದು ಅವನು ಸೋತವರ ಬೆನ್ನು ತಟ್ಟಿ ಕಳಿಸಿದ್ದ. ಆದರೆ ಮೊದಲ ತಿಂಗಳಲ್ಲೇ, ಅಂಗಡಿಗೆ ಕಟ್ಟಿದ ಮಾವಿನ ತೋರಣ ಒಣಗುವ ಮೊದಲೇ, ಅವ್ವ ಎರಡೂ ಮಗ್ಗ ಹಚ್ಚಿದಾಗಲೆಲ್ಲ ಕಂಪ್ಯೂಟರುಗಳು ಆಟದ ನಡುವೆ ಕಪ್ಪಾಗಿ, ಮತ್ತೆ ಮೊದಲಿನಿಂದ ಏಳುತ್ತಿದ್ದವು. ಒಂದರ ಪವರ್ ಸಪ್ಲೈ ಸುಟ್ಟು, ಬೆಲ್ಲ ಸೀದಂತೆ ವಾಸನೆ ಬಂತು. ಆ ಕಂಪ್ಯೂಟರನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದ. ರಿಪೇರಿಯವನು ಬಿಚ್ಚಿ ನೋಡಿ, ಈ ಗ್ರಾಫಿಕ್ಸ್ ಕಾರ್ಡಿಗೆ ಭಾಳ ಹಸಿವು, ನಿಮ್ಮ ಮನೆಯಲ್ಲಿ ಊಟ ಕಡಿಮೆ ಎಂದು ನಕ್ಕಿದ್ದ. ಆಮೇಲೆ ಪರದೆಯ ಮೇಲೆ ಒಂದು ಕಿಟಕಿ ತೆರೆದು ತೋರಿಸಿದ. ಇಲ್ಲಿ ಪವರ್ ಸೇವಿಂಗ್ ಎಂದು ಇಟ್ಟರೆ ಕಾರ್ಡು ಅರೆಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ, ಬಂದ್ ಬೀಳುವುದಿಲ್ಲ. ಫುಲ್ ಎಂದು ಇಟ್ಟರೆ ಸೆಕೆಂಡಿಗೆ ತೊಂಬತ್ತು ಚಿತ್ರ ಬಿಡಿಸುತ್ತದೆ; ಅರೆಹೊಟ್ಟೆಯಲ್ಲಿ ಇಪ್ಪತ್ತು, ಇಪ್ಪತ್ತೈದು. ನೋಡುವ ಕಣ್ಣಿಗೆ ಅಷ್ಟು ಫರಕು ತಿಳಿಯುವುದಿಲ್ಲ, ಆಡುವ ಕೈಗೆ ತಿಳಿಯುತ್ತದೆ. ನೀವು ಒತ್ತಿದ್ದು ಒಂದು ಗಳಿಗೆ ತಡವಾಗಿ ನಡೆಯುತ್ತದೆ, ಅಷ್ಟರಲ್ಲಿ ಎದುರಿನವ ಅಲ್ಲಿರುವುದಿಲ್ಲ. ವೀರೇಶ ಊರಿಗೆ ಬಂದು ಎರಡು, ಮೂರು, ನಾಲ್ಕನೆಯ ಮಷೀನುಗಳನ್ನು ಅರೆಹೊಟ್ಟೆಗೆ ಇಳಿಸಿದ. ಒಂದು ಮಷೀನು ಫುಲ್ ಇದ್ದರೆ ಮಗ್ಗ ತಡೆಯುತ್ತಿತ್ತು. ಆ ಒಂದು ತನ್ನದು. ವಾರ ಕಳೆದ ಮೇಲೆ ಎಲ್ಲರಿಗೂ ಹೇಳಿದರಾಯಿತು ಅಂದುಕೊಂಡ. ಆ ವಾರದಲ್ಲಿ ಹದಿಮೂರು ಸಲ ಗೆದ್ದ. ಹದಿನಾಲ್ಕನೆಯ ಸಲಕ್ಕೆ ಪೇಟೆಗೆ ಹೋಗಿ ಪಾಟಿ ತಂದ.

ಮುತ್ತುರಾಜ ಬರುವ ತನಕ ಆ ಗುಟ್ಟು ಅವನ ಹೊಟ್ಟೆಯಲ್ಲಿ ಸುಖವಾಗಿಯೇ ಇತ್ತು. ಮುತ್ತುರಾಜ ರಾಮಥಾಳದವನು, ಕುರಿ ಸಾಕುವ ಹುಲ್ಲಪ್ಪನ ಮಗ, ಇಪ್ಪತ್ತಾರರ ಆಳು. ಗ್ರಾನೈಟಿನ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನ ಬಲಗೈಯ ಎರಡು ಬೆರಳ ಮೇಲೆ ಒಂದು ಹಲಗೆಗಲ್ಲು ಕೂತಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಬೆರಳು ಉಳಿಸಿಕೊಟ್ಟರು. ಅದರಲ್ಲಿ ಜೀವ ಬರುವುದು ಬಿಡುವುದು ನಿನ್ನ ಕೈಯಲ್ಲಿದೆ, ಆಡಿಸುತ್ತಿರು ಎಂದು ಕಳಿಸಿದರು. ಆಡಿಸು ಎಂದದ್ದಕ್ಕೆ ಅವನು ನೆಟ್ಟಗೆ ಆಟದ ಅಂಗಡಿಗೆ ಬಂದ. ನಾಲ್ಕು ತಿಂಗಳ ಹಿಂದಿನ ಮಾತು. ಮೂರನೇ ಮಷೀನಿನ ಮುಂದೆ ಕೂತು, ಸೊಟ್ಟಗಾದ ತೋರುಬೆರಳನ್ನು ಎಡಗೈಯಿಂದ ಎತ್ತಿ ಮೌಸಿನ ಮೇಲೆ ಇಟ್ಟ. ಹಸುಗೂಸನ್ನು ತೊಟ್ಟಿಲಿಗೆ ಹಾಕುವವರ ಹಾಗೆ ಇಟ್ಟ. ಅವತ್ತು ಹತ್ತಕ್ಕೆ ಸೊನ್ನೆ. ಮರುವಾರ ಒಂದು. ತಿಂಗಳ ಮೇಲೆ ಮೂರು. ಮೂರರ ಮೇಲೆ ಅವನು ಏಳಲಿಲ್ಲ. ಮಿಕ್ಕವರು ಸೋತರೆ ಮಷೀನಿಗೆ ಬೈಯುತ್ತಿದ್ದರು, ಕುರ್ಚಿಗೆ ಬೈಯುತ್ತಿದ್ದರು, ವೀರೇಶನ ಮನೆದೇವರ ತನಕ ಹೋಗಿ ಬರುತ್ತಿದ್ದರು. ಬೈದಷ್ಟೂ ವೀರೇಶನಿಗೆ ಹಗುರ. ಇವನು ಮಾತ್ರ ಮಷೀನಿನ ಕಡೆ ನೋಡುತ್ತಲೇ ಇರಲಿಲ್ಲ. ಸೋತ ಮೇಲೆ ತನ್ನ ಬೆರಳನ್ನು ನೋಡುತ್ತಿದ್ದ. ಉಗುರಿನ ಬುಡದಿಂದ ಗೆಣ್ಣಿನ ತನಕ, ಪರರ ವಸ್ತುವನ್ನು ನೋಡುವಂತೆ ನೋಡಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದ. ಅವನು ಹೋದ ಮೇಲೆ ವೀರೇಶ ಬಳಪ ಹಿಡಿದು ಪಾಟಿಯ ಹತ್ತಿರ ಹೋಗುತ್ತಿದ್ದ. ಒರೆಸಿ ಬರೆಯಬೇಕಾದದ್ದು ಒಂದೇ ಅಂಕಿ. ಹೆಬ್ಬೆರಳಿನಿಂದ ಒರೆಸಿದರೆ ಸಾಕು. ಆದರೂ ಅದಕ್ಕೆ ಅರ್ಧ ತಾಸು ಹಿಡಿಯುತ್ತಿತ್ತು ಎಂದು ಅವನಿಗೇ ಅನ್ನಿಸುತ್ತಿತ್ತು.

ಇವತ್ತು ಮುತ್ತುರಾಜ ಬಂದಾಗ ಮುಳ್ಳು ಇನ್ನೂ ನಡುಗುತ್ತಿತ್ತು. ಒಗೆದ ಅಂಗಿ ಹಾಕಿಕೊಂಡಿದ್ದ, ಹಣೆಗೆ ಬೀರಪ್ಪದೇವರ ಭಂಡಾರ ಹಚ್ಚಿಕೊಂಡಿದ್ದ. ಅವನ ಹಿಂದೆಯೇ ಎದುರಿನ ಚಹಾದಂಗಡಿಯ ಸಂಗಯ್ಯ ಎರಡು ಗ್ಲಾಸು ಹಿಡಿದು ಬಂದ. ಸಂಗಯ್ಯನ ಚಹಾದಲ್ಲಿ ಹಾಲಿಗಿಂತ ಊರ ಸುದ್ದಿ ಜಾಸ್ತಿ. ಇಲ್ಲಿ ಒಬ್ಬ ಸೀನಿದರೆ ಗ್ಲಾಸು ತೊಳೆಯುವುದರೊಳಗೆ ಹುನಗುಂದದವರು ಔಷಧ ಹೇಳಿ ಕಳಿಸುತ್ತಾರೆ. ಮುತ್ತುರಾಜ ಕೂಡಲಿಲ್ಲ. ನಿಂತೇ ಹೇಳಿದ. ಕಾರ್ಖಾನೆಯ ಮಾಲಕ ಇಬ್ರಾಹಿಂಸಾಬರು ಒಳ್ಳೆಯವರು. ಅಂಗಳದ ಕ್ರೇನು ನಡೆಸುವ ಕೆಲಸ ಖಾಲಿ ಇದೆ, ಬೇಕಾದರೆ ನಿನಗೆ ಎಂದಿದ್ದಾರೆ. ಭಾರ ಎತ್ತುವುದಿಲ್ಲ, ನೀರಲ್ಲಿ ನಿಲ್ಲುವುದಿಲ್ಲ. ತಂತಿಯಲ್ಲಿ ತೂಗುಬಿಟ್ಟ ಡಬ್ಬಿಯ ಗುಂಡಿ ಒತ್ತುವುದು, ಬಿಡುವುದು, ಅಷ್ಟೇ. ಆದರೆ ಬಿಡುವುದು ಒಂದು ಗಳಿಗೆ ತಡವಾದರೆ ಹತ್ತು ಟನ್ನಿನ ಕಲ್ಲು ಒಂದು ಮಾರು ಮುಂದೆ ಹೋಗುತ್ತದೆ. ಆ ಮಾರಿನಲ್ಲಿ ಸರಪಳಿ ಹಾಕುವವನು ನಿಂತಿರುತ್ತಾನೆ. ಹನ್ನೊಂದು ಗಂಟೆಗೆ ಹೋಗಿ ಹೌದೋ ಅಲ್ಲವೋ ಹೇಳಬೇಕು.

"ಅಲ್ಲ ಅಂತ ಹೇಳಾಕ ಹೊಂಟೇನಿರಿ ಅಣ್ಣಾ," ಎಂದ ಮುತ್ತುರಾಜ. "ಸರಪಳಿ ಹಾಕಾಂವ ನಮ್ಮ ಅಕ್ಕನ ಗಂಡ ಲಕ್ಷ್ಮಪ್ಪ. ಈ ಬೆರಳ ನಂಬಿ ಅವನ ತಲಿ ಮ್ಯಾಲ ಕಲ್ಲ ತರಂಗಿಲ್ಲ ನಾ."

"ಬೆರಳಿಗೇನಾಗೇತಿ?" ಎಂದ ವೀರೇಶ. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು.

"ನಿಮಗ ಗೊತ್ತಿಲ್ಲೇನ್ರಿ? ನಾಕ ತಿಂಗಳಾತು. ನಾ ಒತ್ತೂದು ಒಂದ ಹೊತ್ತಿಗೆ, ಅದು ಆಗೂದು ಒಂದ ಹೊತ್ತಿಗೆ. ಬೆರಳು ಸತ್ತೈತ್ರಿ. ನೋಡಾಕ ಚಂದ ಕಾಣತೈತಿ, ಒಳಗ ಇಲ್ಲ." ಸಿಟ್ಟಿರಲಿಲ್ಲ ದನಿಯಲ್ಲಿ. ಹೊಲದಲ್ಲಿ ಎಷ್ಟು ಕುರಿ ಇವೆ ಎಂದು ಕೇಳಿದರೆ ಹೇಳುವ ದನಿ. ಅಲ್ಲ ಅಂದರೆ ನೀರಿನ ಪೈಪು ಹಿಡಿಯುವ ಕೆಲಸ ಕೊಡುತ್ತಾರೆ, ಅದನ್ನು ಎಡಗೈಯಲ್ಲೂ ಹಿಡಿಯಬಹುದು ಎಂದ. ಹೋಗುವ ಮುಂದೆ ಕಡೆಯದೊಂದು ಆಟ ಆಡಿ ಹೋಗೋಣ ಎಂದು ಬಂದಿದ್ದ, ಅಷ್ಟೇ. ಸಂಗಯ್ಯ ಒಂದು ಗ್ಲಾಸನ್ನು ಅವನ ಎಡಗೈಗೆ ಕೊಟ್ಟು, ಇನ್ನೂರಾ ಹದಿನೈದು ಬರೆಯಲು ಬಳಪ ಹುಡುಕು ವೀರೇಶಾ, ಹುಲಿಗೆ ಬೆಳಗಿನ ನಾಷ್ಟಾ ತಾನಾಗಿಯೇ ನಡೆದು ಬಂದಿದೆ ಎಂದ.

ಹುಲಿ ಸ್ಟೆಬಿಲೈಜರಿನ ಕಡೆ ನೋಡಿತು. ನೂರಾ ಎಪ್ಪತ್ತು. ಗೋಡೆಯ ಆಚೆಯ ಸದ್ದು ಪರಸಿಯೊಳಗಿಂದ ಅಂಗಾಲಿಗೆ ಬರುತ್ತಿತ್ತು, ಮತ್ತು ಆ ಪರಸಿಯ ಅಡಿಯಲ್ಲಿ ಅಪ್ಪನ ಕುಣಿ ಇತ್ತು. ಮಣ್ಣು ತುಂಬಿದರೆ ಕುಣಿ ಹೋಗುತ್ತದೆಯೇ. ಅವನಿಗೆ ಹದಿನಾರು ವರ್ಷವಾಗಿದ್ದಾಗಿನ ಮಾತು. ಕೋಣೆಯಲ್ಲಿ ಆಗ ಎರಡು ಕುಣಿಮಗ್ಗ. ಅಪ್ಪ ಬಾಗಿಲ ಕಡೆಯದರಲ್ಲಿ, ಅವನು ಒಳಗಿನದರಲ್ಲಿ. ಅವನು ನೇಯ್ದ ಮೂರು ಸೀರೆಯ ಅಂಚಿನ ದಡಿ ಓರೆಯಾಗಿ ಬಂದಿತ್ತು. ಅಮೀನಪ್ಪನ ಮಗನ ಕೈ ಸರಿಯಿಲ್ಲ, ಅವನ ದಡಿ ಹಾವು ಹರಿದ ಹಾಗೆ ಬರುತ್ತದೆ ಎಂದು ಓಣಿಯ ಹೆಂಗಸರೆಲ್ಲ ಮಾತಾಡಿದ್ದರು. ಇಲ್ಲಿಂದ ಬಾದಾಮಿಯ ಮಂಗಗಳ ತನಕ ಎಲ್ಲರೂ ಮಾತಾಡಿದ್ದಾರೆಂದು ಅವನಿಗೆ ಖಾತ್ರಿಯಿತ್ತು. ಅಪ್ಪ ಬೈಯಲಿಲ್ಲ. ಅಪ್ಪನದೊಂದು ಪದ್ಧತಿ: ಅರಿವೆ ಕೆಟ್ಟರೆ ಕೈಗೆ ಬೈಯುವ ಮೊದಲು ಒಂದು ದಿನ ಮಗ್ಗ ಬದಲಿ ಮಾಡಿಕೊಳ್ಳಬೇಕು. ಹೋಗಲೇ, ನನ್ನ ಕುಣಿಯಲ್ಲಿ ಕೂಡು ಎಂದು ಹೇಳಿ, ತಾನು ಒಳಗಿನದಕ್ಕೆ ಇಳಿದ. ಸಂಜೆಗೆ ಅಪ್ಪ ನೇಯ್ದದ್ದರ ದಡಿಯೂ ಓರೆ. ನಲವತ್ತು ವರ್ಷದ ಕೈ, ಇಳಕಲ್ಲಿನಲ್ಲಿ ಅದಕ್ಕಿಂತ ನೆಟ್ಟಗಿನ ಕೈ ಇಲ್ಲ, ಅದೂ ಓರೆ. ಅಪ್ಪ ಕುಣಿಯಲ್ಲಿ ಬಗ್ಗಿ ನೋಡಿದರೆ ಮಗ್ಗದ ಒಂದು ಕಾಲು ಎಳ್ಳುಕಾಳಿನಷ್ಟು ಕುಸಿದಿತ್ತು. ಒಂದು ಚಕ್ಕೆ ಕಟ್ಟಿಗೆ ಸಿಕ್ಕಿಸಿದ. ಆಮೇಲೆ, ಇದು ಮುಖ್ಯ, ಆಮೇಲೆ ಆ ಓರೆ ಅರಿವೆಯನ್ನು ಹೆಗಲ ಮೇಲೆ ಹಾಕಿಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ನಡೆದುಹೋದ. ಇದು ನಾನು ನೇಯ್ದದ್ದು, ನೋಡಿರಿ ಎಂದು ಕಟ್ಟೆಕಟ್ಟೆಗೆ ನಿಂತು ತೋರಿಸಿದ. ಒಂದು ಮಾತೂ ಹೆಚ್ಚಿಗೆ ಹೇಳಲಿಲ್ಲ. ವೀರೇಶ ಬಾಗಿಲಲ್ಲಿ ನಿಂತು ಆ ಹೆಗಲು ದೂರವಾಗುವುದನ್ನು ನೋಡಿದ್ದ. ಆ ಹೆಗಲನ್ನೂ ಅವನು ಎಷ್ಟೋ ಸಲ ಕತೆ ಮಾಡಿ ಹೇಳಿದ್ದಾನೆ, ಕತೆಯಲ್ಲಿ ಅಪ್ಪನ ಹಿಂದೆ ಬ್ಯಾಂಡು ಬಾಜಾ ಹಚ್ಚಿದ್ದಾನೆ. ಆದರೆ ಕಾಲಿನ ಅಡಿಗೆ ಸಿಕ್ಕಿಸಿದ ಚಕ್ಕೆಯನ್ನು ಯಾಕೋ ಯಾರಿಗೂ ಹೇಳಿರಲಿಲ್ಲ.

ಇವತ್ತು ಜಾಗ ಬದಲಿ ಎಂದು ತಾನು ಹೇಳಿದ್ದು ವೀರೇಶನಿಗೆ ಬೇರೆ ಯಾರೋ ಹೇಳಿದಂತೆ ಕೇಳಿಸಿತು. ಮುತ್ತುರಾಜ ಒಂದನೆಯದರಲ್ಲಿ, ತಾನು ಮೂರನೆಯದರಲ್ಲಿ. ಸಂಗಯ್ಯ ಹುಬ್ಬು ಏರಿಸಿ, ಬಾಗಿಲಿಗೆ ಒರಗಿ ನಿಂತ. ಒಂದನೆಯ ಮಷೀನಿನ ಮುಂದೆ ಇದುವರೆಗೆ ಬೇರೆ ಯಾರ ಅಂಡೂ ಊರಿರಲಿಲ್ಲ. ಇದರ ಮೇಲೆ ಕೂತವನಿಗೆ ಶಾಪವಿದೆ ಎಂದು ಅವನೇ ಹಬ್ಬಿಸಿದ್ದ. ಮುತ್ತುರಾಜ ಹೆದರಿಯೇ ಕೂತ. ಬೆರಳನ್ನು ಎತ್ತಿ ಮೌಸಿನ ಮೇಲಿಟ್ಟ. ಆಟ ಶುರುವಾಯಿತು, ಮತ್ತು ಮೊದಲನೆಯ ಅರ್ಧ ನಿಮಿಷದಲ್ಲೇ ವೀರೇಶನಿಗೆ ಮುತ್ತುರಾಜನ ನಾಲ್ಕು ತಿಂಗಳು ಏನೆಂದು ಗೊತ್ತಾಯಿತು. ತನ್ನ ಕೈ ಹೋಗುತ್ತಿತ್ತು, ಪರದೆಯೊಳಗಿನ ಕೈ ಹಿಂದೆ ಉಳಿಯುತ್ತಿತ್ತು; ತಿರುಗಿದೆ ಅನ್ನುವಾಗ ಇನ್ನೂ ತಿರುಗಿರಲಿಲ್ಲ, ಒತ್ತಿದೆ ಅನ್ನುವಾಗ ಸತ್ತಾಗಿತ್ತು. ಬಾವಿಯ ನೀರಿನೊಳಗೆ ನಡೆದ ಹಾಗೆ. ಬೆರಳು ತನ್ನದಲ್ಲ ಅನ್ನಿಸುವುದಕ್ಕೆ ನಾಲ್ಕು ತಿಂಗಳು ಬೇಡ, ನಾಲ್ಕು ನಿಮಿಷ ಸಾಕು. ಅವನು ತನ್ನ ತೋರುಬೆರಳನ್ನು ನೋಡಿಕೊಂಡ, ಉಗುರಿನ ಬುಡದಿಂದ ಗೆಣ್ಣಿನ ತನಕ. ಪಕ್ಕದಲ್ಲಿ ಮುತ್ತುರಾಜನ ಉಸಿರು ನಿಂತು ನಿಂತು ಬರುತ್ತಿತ್ತು. ಐದು, ಆರು, ಏಳು. ಸಂಗಯ್ಯ ಮೊದಲು ನಕ್ಕ, ಆಮೇಲೆ ನಗುವುದು ಬಿಟ್ಟ. ಹತ್ತಕ್ಕೆ ಮೂರು. ವೀರೇಶನದು ಮೂರು.

ಮುತ್ತುರಾಜ ಕುಣಿಯಲಿಲ್ಲ. ಮೌಸಿನ ಮೇಲಿಂದ ಕೈ ತೆಗೆದು, ಕುರ್ಚಿ ಹಿಂದೆ ಸರಿಸಿ, ಚಹಾದ ಗ್ಲಾಸು ಎತ್ತಿಕೊಂಡ. ಅದು ಆರಿತ್ತು. "ಇದನ್ನ ಮಾಡಬಾರದಿತ್ರಿ ಅಣ್ಣಾ," ಎಂದ. ತಾನು ಹೊರಟಿದ್ದೇನೆಂದು ತಿಳಿದು, ಕಳಿಸಿಕೊಡುವ ಮುಂದೆ ಉಡಿಯಲ್ಲಿ ಒಂದು ಗೆಲುವು ಹಾಕಿ ಕಳಿಸುತ್ತಿದ್ದೀರಿ, ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ. ಸೋತದ್ದಕ್ಕೆ ತನಗೆ ಇಷ್ಟು ಕೆಟ್ಟದೆನಿಸಿರಲಿಲ್ಲ ಎಂದ. ವೀರೇಶನ ಬಾಯಿಗೆ ಒಂದು ಕ್ಷಣ ಸಕ್ಕರೆ ಬಿದ್ದಂತಾಯಿತು. ದಾರಿ ತಾನಾಗಿ ತೆರೆದಿತ್ತು. ಹೌದು, ಬಿಟ್ಟುಕೊಟ್ಟೆ ಎಂದರೆ ಪಾಟಿಯೂ ಉಳಿಯುತ್ತದೆ, ದೊಡ್ಡಸ್ತಿಕೆಯೂ ಬರುತ್ತದೆ. ಸಂಜೆಯೊಳಗೆ ಊರೆಲ್ಲ, ವೀರೇಶ ಒಬ್ಬ ಬಡವನಿಗೆ ಸೋತುಕೊಟ್ಟನಂತೆ ಎಂದು ಹೇಳುತ್ತದೆ. ಹನ್ನೊಂದಕ್ಕೆ ಇವನು ಹೋಗಿ ಅಲ್ಲ ಅನ್ನುತ್ತಾನೆ. ನೀರಿನ ಪೈಪು ಹಿಡಿಯುತ್ತಾನೆ, ಎಡಗೈಯಲ್ಲಿ.

ವೀರೇಶ ಎದ್ದು ಮೂರನೆಯ ಮಷೀನಿನಲ್ಲಿ ಆ ಕಿಟಕಿ ತೆರೆದು ತೋರಿಸಿದ. ಪವರ್ ಸೇವಿಂಗ್. ಒಂದನೆಯದರಲ್ಲಿ ತೆರೆದು ತೋರಿಸಿದ. ಫುಲ್. ಮಗ್ಗ, ಮುಳ್ಳು, ಸುಟ್ಟ ಸಪ್ಲೈ, ಬಾಗಲಕೋಟೆ, ತೊಂಬತ್ತು ಚಿತ್ರ, ಇಪ್ಪತ್ತು ಚಿತ್ರ. ತಾನು ಜೀವಮಾನದಲ್ಲಿ ಆಡಿದ ಅತಿ ಸಣ್ಣ ಮಾತು ಅದು. ಒಂದು ಬೊಟ್ಟೂ ಉಪ್ಪು ಖಾರ ಹಚ್ಚಿರಲಿಲ್ಲ. ಸಂಗಯ್ಯ ಗ್ಲಾಸು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ.

"ಸೋತ ಮ್ಯಾಲೂ ಗೆದ್ದಾಂವ ನೀನ ಒಬ್ಬ ನೋಡಲೇ," ಎಂದ. "ನಾ ಸೋತಿಲ್ಲ, ಕರೆಂಟ್ ಸೋತೈತಿ. ನಿಮ್ಮ ಸ್ವಾದರಮಾವ ರೈಲ ನಿಲ್ಲಿಸಿದ್ದ, ನೀ ಸೆಕೆಂಡ್ ನಿಲ್ಲಿಸಿದಿ. ಒಂದ ಸಲ ಸುಮ್ನ ಸೋಲಾಕ ಏನ ತಗೊಂತಿ?"

ಖರೆ ಎಂದು ವೀರೇಶ ಹೇಳಿದ. ಅವ್ವನ ಆಣೆ ಎಂದ. ಅವ್ವನ ಆಣೆಯನ್ನು ಅವನು ವಾರಕ್ಕೆ ಹದಿನೇಳು ಸಲ ಹಾಕುತ್ತಿದ್ದ. ರತ್ನಾಬಾಯಿ ಇಷ್ಟು ಆಣೆ ತಿಂದೂ ಗಟ್ಟಿಯಾಗಿ ಓಡಾಡುವುದು ಓಣಿಗೆ ಒಂದು ಸೋಜಿಗ. ಸಂಗಯ್ಯ ಮತ್ತೆ ನಕ್ಕ. ಇಷ್ಟು ವರ್ಷ ತಾನು ಹೇಳಿದ್ದನ್ನೆಲ್ಲ ಜನ ನಂಬುತ್ತಾರೆ ಎಂದು ವೀರೇಶ ಅಂದುಕೊಂಡಿದ್ದ. ನಂಬಿರಲಿಲ್ಲ. ನಕ್ಕು ಕೇಳುತ್ತಿದ್ದರು, ಅಷ್ಟೇ. ಚಹಾದ ಜೊತೆಗೆ. ಖರೆ ಹೇಳಲು ಬಾಯಿ ತೆರೆದರೆ ಅದೂ ಅದೇ ಡಬ್ಬಿಯಿಂದ ತೆಗೆದ ಚೂಡಾ ಆಗುತ್ತದೆ.

ನಗದೆ ಇದ್ದವನು ಮುತ್ತುರಾಜ. ಅವನು ಎರಡೂ ಪರದೆಗಳ ನಡುವೆ ನಿಂತು, ಒಂದು ಸಲ ಅದನ್ನು, ಒಂದು ಸಲ ಇದನ್ನು ನೋಡುತ್ತಿದ್ದ. ಈಗ ಮೊದಲ ಸಲ ಅವನು ಮಷೀನಿನ ಕಡೆ ನೋಡಿದ್ದು. ಕೇಳಿದ: ಹಾಗಾದರೆ ಮೂರರಲ್ಲಿ ಸೋತದ್ದೂ ತನ್ನ ಕೈ ಅಲ್ಲ, ಒಂದರಲ್ಲಿ ಗೆದ್ದದ್ದೂ ತನ್ನ ಕೈ ಅಲ್ಲ. ತನ್ನ ಕೈ ಯಾವುದು?

ಇಂಥ ಪ್ರಶ್ನೆಯನ್ನು ವೀರೇಶ ತನಗೇ ಕೇಳಿಕೊಂಡಿರಲಿಲ್ಲ. ತನ್ನ ಕೈ ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. ಏಳು ತಲೆಮಾರಿನ ಕೈಯೋ, ತೊಂಬತ್ತು ಚಿತ್ರದ್ದೋ.

"ಎರಡೂ ಒಂದ ನಮೂನಿ ಮಾಡ್ರಿ," ಎಂದ ಮುತ್ತುರಾಜ. "ಎರಡೂ ಫುಲ್ ಇಡ್ರಿ. ಆಮ್ಯಾಲ ಬಿಟ್ಟಕೊಟ್ಟಿರಂದ್ರ ನೋಡ್ರಿ, ಬೀರಪ್ಪ ನೋಡಾಕತ್ತಾನ."

ಎರಡೂ ಫುಲ್ ಇಡಬೇಕೆಂದರೆ ಮಗ್ಗ ನಿಲ್ಲಬೇಕು. ವೀರೇಶ ಹಿತ್ತಲ ಬಾಗಿಲಿಂದ ಆಚೆಯ ಕೋಣೆಗೆ ಹೋದ. ರತ್ನಾಬಾಯಿ ಎರಡು ಮಗ್ಗಗಳ ನಡುವೆ ನಿಂತು, ತುಂಡಾದ ಒಂದು ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಗಂಟು ಹಾಕುತ್ತಿದ್ದಳು. ಮಗನ ಕಡೆ ನೋಡಲಿಲ್ಲ. ಆ ಸದ್ದಿನಲ್ಲಿ ಮಾತು ಕಿರುಚಿ ಆಡಬೇಕು. ವೀರೇಶ ಕಿರುಚಿದ, ಹತ್ತು ನಿಮಿಷ ಎರಡೂ ಬಂದ್ ಮಾಡು ಎಂದು. ಯಾಕೆ ಎಂದು ಅವಳು ಗದ್ದ ಎತ್ತಿ ಕೇಳಿದಳು. ಬಾಯಿ ತನ್ನ ರೂಢಿಯ ಪ್ರಕಾರ ತೆರೆಯಿತು. ಕರೆಂಟಿನವರು ಬರುತ್ತಿದ್ದಾರೆ, ಓಣಿಯ ಮೂರು ಮನೆಯ ಮೀಟರು ಸಿಡಿದಿವೆ, ಕಂಬದ ಮೇಲೆ ಕಾಗೆ ಸುಟ್ಟು ಕೆಂಡವಾಗಿ ಬಿದ್ದಿದೆ. ಅವಳು ಗಂಟು ಹಾಕಿ ಮುಗಿಸಿ, ಕೈ ಸೆರಗಿಗೆ ಒರೆಸಿಕೊಂಡು, ಕಾದಳು. ಅವಳ ಕಾಯುವಿಕೆ ಅವನಿಗೆ ಚಿಕ್ಕಂದಿನಿಂದ ಗೊತ್ತು. ಕಾಗೆಯ ತನಕ ಬಂದವನು ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದ. ಕಾಗೆ ಇಲ್ಲ. ಮೀಟರಿಲ್ಲ. ಯಾರೂ ಬರುತ್ತಿಲ್ಲ. ಮಗ್ಗದ ಸದ್ದಿನಲ್ಲಿ ಖರೆಯನ್ನೂ ಕಿರುಚಿಯೇ ಹೇಳಬೇಕಾಯಿತು. ಮೂರು ಮಷೀನಿನ ಕಾಲು ಕುಸಿದಿದೆ, ನನಗೆ ಗೊತ್ತಿತ್ತು, ಕೈಗೆ ಪೆಟ್ಟಾದ ಹುಡುಗನಿಗೆ ನಾಲ್ಕು ತಿಂಗಳು ನಿನ್ನ ಕೈಯೇ ಸರಿಯಿಲ್ಲ ಅನ್ನಿಸಿದ್ದೇನೆ ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದ. ಕಾಲು ಕುಸಿದಿದೆ ಎಂದು ಬಾಯಿಂದ ಹೇಗೆ ಬಂತೋ. ಅವಳ ಮುಖ ಆ ಮಾತಿಗೆ ಮಾತ್ರ ಅವನ ಕಡೆ ತಿರುಗಿತು.

ರತ್ನಾಬಾಯಿ ಹೋಗಿ ಎರಡೂ ಸ್ವಿಚ್ಚು ಆರಿಸಿದಳು. ಸದ್ದು ನಿಂತ ಮೇಲೆ ಕೋಣೆ ದೊಡ್ಡದಾಯಿತು.

"ನಾಕ ತಿಂಗಳ?" ಎಂದಳು.

"ಹೂಂ."

"ಹೋಗು," ಎಂದಳು.

ಗೋಡೆಯ ಈಚೆ ಮುಳ್ಳು ಇನ್ನೂರಾ ಹತ್ತಕ್ಕೆ ಏರಿ ಅಲುಗದೆ ನಿಂತಿತ್ತು. ವೀರೇಶ ಮೂರನ್ನು ಫುಲ್ಲಿಗೆ ಏರಿಸಿದ. ಒಂದು ಗಳಿಗೆಯ ಮೇಲೆ ಅದರ ಫ್ಯಾನು ಎದ್ದ ಸದ್ದು, ಒಂದರ ಫ್ಯಾನಿನ ಸದ್ದಿಗೆ ಜೋಡಿಯಾಗಿ ಕೇಳಿತು. ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಅಂಕಿ ಕಾಣುವಂತೆ ಇಟ್ಟ. ಇಷ್ಟು ದಿನ ಅದನ್ನು ಮುಚ್ಚಿಟ್ಟಿದ್ದೂ ಅವನೇ. ಇಲ್ಲಿ ತೊಂಬತ್ತು, ಅಲ್ಲಿ ತೊಂಬತ್ತು. ಸಂಗಯ್ಯ ಬಗ್ಗಿ ಎರಡೂ ಅಂಕಿ ಓದಿದ. ಅವನ ಅಂಗಡಿಯ ಕಡೆ ಯಾರೋ ಕೂಗಿದರು, ಹೋಗಲಿಲ್ಲ. ಮುತ್ತುರಾಜ ಮೂರಕ್ಕೇ ಕೂತ. ಬೆರಳನ್ನು ಎಡಗೈಯಿಂದ ಎತ್ತಲಿಲ್ಲ. ಅದು ತಾನೇ ಹೋಗಿ ಮೌಸಿನ ಮೇಲೆ ಕೂತಿತು. ಅವನು ಅದನ್ನು ಗಮನಿಸಿದ್ದನೋ ಇಲ್ಲವೋ.

ಮಗ್ಗವಿಲ್ಲದ ಕೋಣೆಯಲ್ಲಿ ಮೌಸಿನ ಟಿಕ್ ಟಿಕ್ ಕೇಳುತ್ತದೆ ಎಂದು ವೀರೇಶನಿಗೆ ಗೊತ್ತಿರಲಿಲ್ಲ. ಅವನ ಟಿಕ್, ಇವನ ಟಿಕ್. ಎರಡಕ್ಕೆ ಒಂದು. ನಾಲ್ಕಕ್ಕೆ ನಾಲ್ಕು. ತಾನು ಇದುವರೆಗೆ ಯಾರ ಜೊತೆಗೂ ಆಡಿರಲಿಲ್ಲ ಎಂಬುದು ಐದನೆಯ ಸಲ ಸತ್ತಾಗ ತಿಳಿಯಿತು. ಇನ್ನೂರಾ ಹದಿನಾಲ್ಕು ಸಲ ನಿಂತ ಕಂಬಗಳಿಗೆ ಹೊಡೆದಿದ್ದ. ಈಗ ಎದುರಿಗೆ ಒಬ್ಬ ಮನುಷ್ಯನಿದ್ದ. ಆ ಮನುಷ್ಯ ಮೂಲೆಯಲ್ಲಿ ಕಾಯುತ್ತಿದ್ದ, ಕುರಿ ಕಾಯುವವರು ಕಾಯುವ ಹಾಗೆ, ಬೇಸರವಿಲ್ಲದೆ. ಅವಸರದವನು ಬಂದೇ ಬರುತ್ತಾನೆಂದು ಬಲ್ಲವನ ಹಾಗೆ. ವೀರೇಶ ಅವಸರದಿಂದ ಹೋಗಿ ಸತ್ತ. ಏಳಕ್ಕೆ ಆರು, ಮುತ್ತುರಾಜನದು ಏಳು. ಅಂಗೈ ಬೆವರಿ ಮೌಸು ಜಾರುತ್ತಿತ್ತು. ಏಳು ತಲೆಮಾರು ಎಲ್ಲಿ ಹೋದವೋ, ಒಂದೂ ನೆರವಿಗೆ ಬರಲಿಲ್ಲ. ಒಂದೇ ಒಂದು ತಲೆಮಾರು, ಹೆಗಲ ಮೇಲೆ ಅರಿವೆ ಹಾಕಿಕೊಂಡು, ಓಣಿಯ ತುದಿಯಲ್ಲಿ ತಿರುಗಿ ಮರೆಯಾಯಿತು. ಎಂಟಕ್ಕೆ ಎಂಟು. ಒಂಬತ್ತಕ್ಕೆ ಒಂಬತ್ತು.

ಕೊನೆಯ ಸಲ ಮುತ್ತುರಾಜ ಗೋಡೆಯ ಆಚೆಯಿಂದ ಓಡಿ ಬಯಲಿಗೆ ಬಂದ, ಬೆನ್ನು ಕೊಟ್ಟು. ಪರದೆಯೊಳಗಿನ ಆ ಬೆನ್ನು ವೀರೇಶನ ಗುರಿಯ ನಟ್ಟನಡುವೆ ಬಂದು ನಿಂತಿತು. ಎಷ್ಟು ಹೊತ್ತು ನಿಂತಿತೋ. ತೊಂಬತ್ತರಲ್ಲಿ ಒಂದು ಪಾಲು, ಎರಡು ಪಾಲು. ಒತ್ತದಿದ್ದರೆ ಆಯಿತು. ಬೆರಳು ಒಂದಿಷ್ಟು ತಡವಾದರೆ ಸಾಕು, ಇವನು ತಿರುಗಿ ಹೊಡೆಯುತ್ತಾನೆ, ಹತ್ತಾಗುತ್ತದೆ, ಕುಣಿಯುತ್ತ ಇಬ್ರಾಹಿಂಸಾಬರ ಹತ್ತಿರ ಹೋಗುತ್ತಾನೆ, ನಾಲ್ಕು ತಿಂಗಳು ತೊಳೆದುಹೋಗುತ್ತದೆ. ಅಂದರೆ ಮತ್ತೆ ಅರೆಹೊಟ್ಟೆ. ಈ ಸಲ ಕಾರ್ಡಲ್ಲ, ತನ್ನ ಕೈಯೇ. ಹತ್ತು ಟನ್ನಿನ ಕಲ್ಲಿನ ಕೆಳಗೆ ಲಕ್ಷ್ಮಪ್ಪ ಎಂಬ, ತಾನು ನೋಡಿರದ ಒಬ್ಬ ಮನುಷ್ಯ ನಿಂತು, ತಾನು ಕೊಟ್ಟ ಅಂಕಿಯನ್ನು ನಂಬಿ ಸರಪಳಿ ಬಿಗಿಯುತ್ತಾನೆ.

ವೀರೇಶ ಒತ್ತಿದ. ಹತ್ತಕ್ಕೆ ಒಂಬತ್ತು.

ಮುತ್ತುರಾಜ ಬೆರಳನ್ನು ಮುಖದ ಮುಂದೆ ಹಿಡಿದು ಮಡಚಿದ, ಚಾಚಿದ. "ಒಂಬತ್ತು," ಎಂದ, ಬೇರೆ ಯಾರಿಗೋ ಹೇಳುವಂತೆ. "ನಾ ಒತ್ತಿದ್ದು ನಾ ಒತ್ತಿದಾಗನ ಆತು."

ಗಡಿಯಾರದಲ್ಲಿ ಹತ್ತೂವರೆ. ಕ್ರೇನಿಗೆ ಹೌದು ಅನ್ನುತ್ತೀಯಾ ಎಂದು ಸಂಗಯ್ಯ ಕೇಳಿದ. ಮೊದಲ ವಾರ ಕೆಳಗೆ ಯಾರನ್ನೂ ನಿಲ್ಲಿಸದೆ ಬರೀ ಕಲ್ಲು ಎತ್ತಿ ಇಳಿಸಿ ನೋಡುತ್ತೇನೆ, ಹಾಗೆಂದು ಸಾಹೇಬರಿಗೆ ಹೇಳುತ್ತೇನೆ, ಒಪ್ಪಿದರೆ ಹೌದು ಎಂದ ಮುತ್ತುರಾಜ. ಬಾಗಿಲ ತನಕ ಹೋಗಿ ನಿಂತ. ವೀರೇಶನಿಗೆ ಅವನು ತಿರುಗುವುದು ಬೇಡವಾಗಿತ್ತು, ತಿರುಗದೆ ಹೋಗುವುದೂ ಬೇಡವಾಗಿತ್ತು.

"ನಾಕ ತಿಂಗಳ ಈ ಬೆರಳಿಗೆ ಬೈದೇನ್ರಿ ಅಣ್ಣಾ," ಎಂದ ಮುತ್ತುರಾಜ. "ಒಂದಿನ ಕಲ್ಲಿಗೆ ಜಜ್ಜೇನಿ. ಈಗ ಇದಕ್ಕ ಏನಂತ ಹೇಳ್ಲಿ?"

ಹೇಳಬೇಕಾದದ್ದನ್ನು ವೀರೇಶ ಹುಡುಕಿದ. ಲಕ್ಷ ಮಾತಿನ ಕಣಜ, ತಳದಲ್ಲಿ ಒಂದು ಕಾಳೂ ಇರಲಿಲ್ಲ. ಮುತ್ತುರಾಜ ಹೋದ. ಬಲಗೈ ಜೇಬಿನಿಂದ ಹೊರಗೇ ಇತ್ತು. ಸಂಗಯ್ಯ ಎರಡು ಗ್ಲಾಸು ಎತ್ತಿಕೊಂಡ. ಒಂದು ಖಾಲಿ, ಒಂದು ತುಂಬಿದ್ದು. ಪಾಟಿಯ ಕಡೆ ಒಂದು ಸಲ, ವೀರೇಶನ ಕಡೆ ಒಂದು ಸಲ ನೋಡಿ, ಅವನೂ ಹೋದ. ಇನ್ನು ಊರಿಗೆ ಸುದ್ದಿ ಮುಟ್ಟಲು ಗ್ಲಾಸು ತೊಳೆಯುವ ಹೊತ್ತು ಮಾತ್ರ.

ವೀರೇಶ ಪಾಟಿಯನ್ನು ಅಂಗೈಯಿಂದ ಒರೆಸಿದ. ಹಳೆಯ ಬಳಪ, ಪೂರ್ತಿ ಹೋಗಲಿಲ್ಲ. ಇನ್ನೂರಾ ಹದಿನಾಲ್ಕು ಹೊಗೆಯ ಹಾಗೆ ಹಿಂದೆ ಉಳಿಯಿತು. ಅದರ ಮೇಲೆ, ತನ್ನ ಹೆಸರಿನ ಮುಂದೆ, ಒಂದು ಎಂದು ಬರೆದ. ಆಮೇಲೆ ಕೂತು ಮೂರನೆಯ ಮಷೀನನ್ನು ಪವರ್ ಸೇವಿಂಗಿಗೆ ಇಳಿಸಿದ. ಒಂದನೆಯದರ ಕಿಟಕಿ ತೆರೆದ. ಅಲ್ಲಿಯೂ ಇಳಿಸಿದ. ಅದರ ಫ್ಯಾನು ಮೆತ್ತಗೆ ಉಸಿರು ಬಿಟ್ಟು, ಉಳಿದ ಮೂರರ ಸದ್ದಿಗೆ ಬಂದು ಸೇರಿತು. ಈಗ ಯಾವುದು ತನ್ನದು ಎಂದು ಕಣ್ಣು ಮುಚ್ಚಿ ಹೇಳಲು ಬರುವಂತಿರಲಿಲ್ಲ.

ಗೋಡೆಯ ಆಚೆಯಿಂದ ಅವ್ವ ಕೇಳಿದಳು, ಮುಗಿಯಿತೇ ಎಂದು. ಮುಗಿಯಿತು ಎಂದ.

"ಯಾರ ಗೆದ್ರು?"

"ನಾ," ಎಂದ ವೀರೇಶ.

ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ರತ್ನಾಬಾಯಿ ಮುಂದಿನ ಮಾತಿಗೆ ಕಾದಳು. ಎಷ್ಟರಿಂದ ಗೆದ್ದ, ಹೇಗೆ ಗೆದ್ದ, ಎದುರಿನವನ ಮುಖ ಹೇಗಾಯಿತು, ನೋಡಲು ಎಷ್ಟು ಊರಿನ ಜನ ಸೇರಿದ್ದರು. ಮೂವತ್ತೆರಡು ವರ್ಷ ಅವಳು ಅದನ್ನು ಕೇಳುತ್ತ ಬಂದಿದ್ದಳು. ಗೋಡೆಯ ಈಚೆಯಿಂದ ಏನೂ ಬರಲಿಲ್ಲ. ಆಮೇಲೆ ಒತ್ತಿದಳು, ಮುಳ್ಳು ನೂರಾ ತೊಂಬತ್ತಕ್ಕೆ ಇಳಿಯಿತು. ಎರಡನೆಯದನ್ನೂ ಒತ್ತಿದಳು.